ಆಸ್ಪತ್ರೆಯ ನಡುವೆ ಒಂದು ತೊಟ್ಟಿ

ಸೈಟ್ ನೋಡಲು ಹೊರಟ ದಿನ ನನ್ನ ಚೀಲದಲ್ಲಿ ಟೇಪು, ನೋಟ್‌ಬುಕ್ಕಿನ ಜೊತೆ ಒಂದು ಪ್ಯಾಕೆಟ್ ಊದುಬತ್ತಿ ಇತ್ತು. ದುರ್ಗಿಗುಡಿ ಕಡೆಯ ಅಡ್ಡರಸ್ತೆ. ಆ ಸುತ್ತಿನಲ್ಲಿ ಕ್ಲಿನಿಕ್ಕು, ಲ್ಯಾಬು, ಔಷಧಿ ಅಂಗಡಿಗಳೇ ಜಾಸ್ತಿ ಅಂತ ಶಿವಮೊಗ್ಗದವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ 10 ಗಂಟೆಗೆಲ್ಲ ತೀರ್ಥಹಳ್ಳಿ, ಹೊಸನಗರ, ಸೊರಬದ ಬಸ್ಸಿಳಿದವರು ಎಕ್ಸ್‌ರೇ ಕವರ್ ಕಂಕುಳಲ್ಲಿಟ್ಟುಕೊಂಡು ಬೋರ್ಡು ಓದುತ್ತಾ ನಡೆದಿರುತ್ತಾರೆ. ಆಟೋ, ಬೈಕು, ಹಣ್ಣಿನ ಗಾಡಿ. ಇವೆಲ್ಲದರ ನಡುವೆ ಹಳೆ ಹೆಂಚಿನ ಮನೆ ಕೆಡವಿ ಖಾಲಿ ಮಾಡಿದ ಜಾಗ ಅದು. 60 ಅಡಿ ಅಗಲ, 100 ಅಡಿ ಉದ್ದ. ಎಡಕ್ಕೂ ಬಲಕ್ಕೂ ಮೂರು ಮಹಡಿಯ ಕಟ್ಟಡ. ಹಿಂದೆ ಒಬ್ಬರ ಮನೆಯ ಹಿತ್ತಲು, ಹಿತ್ತಲಲ್ಲಿ ಒಂದು ದೊಡ್ಡ ಹಲಸಿನ ಮರ.

ಸೈಟಿನ ಮಧ್ಯೆ ನಿಂತು ಊದುಬತ್ತಿ ಹಚ್ಚಿದೆ. ಹೊಗೆ ನೇರ ಮೇಲಕ್ಕೆ ಹೋಯಿತು. ರಸ್ತೆ ಕಡೆ ಬಂದರೆ ಸ್ವಲ್ಪ ಬಾಗಿತು. ಪಕ್ಕದ ಕಟ್ಟಡದ ಗೋಡೆಯ ಹತ್ತಿರ ಅಲ್ಲೇ ಸುತ್ತಿ ನಿಂತುಬಿಟ್ಟಿತು. ಮೂರು ಹೊತ್ತು, ಮೂರು ದಿನ ಹೀಗೆ ನೋಡಿ ಬರೆದುಕೊಂಡೆ. ಅಕ್ಕಪಕ್ಕದ ಅಂಗಡಿಯವರು ಪೂಜೆ ಇರಬೇಕು ಅಂದುಕೊಂಡರು.

ಇಲ್ಲಿ 30 ಹಾಸಿಗೆಯ ಆಸ್ಪತ್ರೆ ಕಟ್ಟಬೇಕು ಅನ್ನುವುದು ಡಾಕ್ಟರ್ ದಂಪತಿಯ ಆಸೆ. ಗಂಡ ಸರ್ಜನ್, ಹೆಂಡತಿ ಮಕ್ಕಳ ಡಾಕ್ಟರ್. ಮೊದಲ ಭೇಟಿಯಲ್ಲೇ ಸರ್ ಹೇಳಿದರು, "ಮೇಡಂ, ಗ್ರೀನ್ ಬಿಲ್ಡಿಂಗ್ ಆಗಬೇಕು. ಸೋಲಾರ್ ಹಾಕ್ಸೋದು ತಾನೇ?" ಸೋಲಾರ್ ಕಡೆಗೆ ನೋಡೋಣ ಸರ್, ಮೊದಲು ಗಾಳಿ ಅಂದೆ. ಅವರಿಗೆ ಆಗ ಅದು ಅಷ್ಟು ಹಿಡಿಸಲಿಲ್ಲ ಅನ್ನಿಸಿತು.

ಆರ್ಕಿಟೆಕ್ಟ್ ಆಗಿ ನಾನು ಅಲ್ಲಿಯವರೆಗೆ ಕಟ್ಟಿದ್ದು ಮನೆಗಳು, ಒಂದು ಶಾಲೆ, ಎರಡು ಅಡಿಕೆ ಗೋದಾಮು. ಆಸ್ಪತ್ರೆ ಇದೇ ಮೊದಲು. ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ಅಮ್ಮ. ಸೊಂಟದ ಮೂಳೆ ಮುರಿದು ಅವರು 9 ದಿನ ಒಂದು ಆಸ್ಪತ್ರೆಯಲ್ಲಿದ್ದರು. ರಾತ್ರಿ ನಾನೇ ಇರುತ್ತಿದ್ದೆ. ಕೋಣೆಗೆ ಕಿಟಕಿ ಇತ್ತು, ಆದರೆ ಅದು ತೆರೆಯುತ್ತಿದ್ದದ್ದು ಎಸಿ ಯಂತ್ರಗಳನ್ನು ನೇತುಹಾಕಿದ ಒಂದು ಕತ್ತಲ ಸಂದಿಗೆ. ಹಗಲೂ ಟ್ಯೂಬ್‌ಲೈಟು, ರಾತ್ರಿಯೂ ಟ್ಯೂಬ್‌ಲೈಟು. ನಾಲ್ಕನೇ ದಿನ ಅಮ್ಮ ಕೇಳಿದರು, "ಈಗ ಬೆಳಗಾ, ಸಂಜೆನಾ ಮಗಾ?" ಚಿಕಿತ್ಸೆ ಚೆನ್ನಾಗಿಯೇ ಇತ್ತು. ಡಾಕ್ಟರು, ಸಿಸ್ಟರುಗಳು ಒಳ್ಳೆಯವರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದದ್ದು ಕಟ್ಟಡ. ಅದು ಕೊಡಲಿಲ್ಲ.

ಮೊದಲ ಪ್ಲಾನ್ ಮಾಡುವುದು ಕಷ್ಟವಾಗಲಿಲ್ಲ. ರೈಲಿನ ಬೋಗಿ ಹಾಗೆ ನಡುವೆ ಉದ್ದ ಓಣಿ, ಎರಡೂ ಕಡೆ ಕೋಣೆ. ಕೇಳಿದ್ದೆಲ್ಲ ಹಿಡಿಯಿತು. ಪೇಟೆಯ ಮುಕ್ಕಾಲು ಆಸ್ಪತ್ರೆಗಳು ಹೀಗೇ ಇರುತ್ತವೆ. ಆದರೆ ಪಕ್ಕದ ಸೆಟ್‌ಬ್ಯಾಕ್, ಅಂದರೆ ಗಡಿಗೂ ಕಟ್ಟಡಕ್ಕೂ ನಡುವೆ ಬಿಡುವ ಜಾಗ, 6 ಅಡಿ, ಅದರಾಚೆ ಇನ್ನೊಬ್ಬರ ಗೋಡೆ. ನಮ್ಮ ಕಿಟಕಿಗಳೆಲ್ಲ ನನ್ನ ಊದುಬತ್ತಿಯ ಹೊಗೆ ನಿಂತುಹೋದ ಜಾಗಕ್ಕೇ ತೆರೆಯುತ್ತಿದ್ದವು. ಇಂಥ ಕಟ್ಟಡಕ್ಕೆ ದಿನವಿಡೀ ದೀಪ, ಫ್ಯಾನು, ಎಸಿ ಬೇಕೇ ಬೇಕು. ಆಮೇಲೆ ಮೇಲೆ ಎಷ್ಟು ಸೋಲಾರ್ ಹಾಕಿದರೇನು?

ಆ ಪ್ಲಾನ್ ಮಡಚಿಟ್ಟು, ನಡುವೆ 14 ಅಡಿಗೆ 28 ಅಡಿಯ ಒಂದು ತೊಟ್ಟಿ ಬರೆದೆ. ನಮ್ಮ ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆ ನೋಡಿದವರಿಗೆ ಅರ್ಥವಾಗುತ್ತದೆ. ಕೆಳಗೆ ಅಂಗಳ, ಮೇಲೆ ಆಕಾಶ. ಒಂದು ಪಕ್ಕ ವಾರ್ಡುಗಳು, ಇನ್ನೊಂದು ಪಕ್ಕ ಸ್ಟ್ರೆಚರ್ ತಿರುಗುವಷ್ಟು, ಅಂದರೆ 8 ಅಡಿ ಅಗಲದ ಜಗಲಿ. ವಾರ್ಡಿಗೆ ಎರಡು ಕಡೆ ಕಿಟಕಿ. ಒಂದು ಸೆಟ್‌ಬ್ಯಾಕಿಗೆ, ಒಂದು ತೊಟ್ಟಿಗೆ. ತೊಟ್ಟಿಯ ಗಾಳಿ ಬಿಸಿಯಾಗಿ ಮೇಲೇರಿದಾಗ ಪಕ್ಕದ ಸಂದಿಯಿಂದ ತಂಪು ಗಾಳಿಯನ್ನು ವಾರ್ಡಿನ ಮೂಲಕ ಎಳೆದುಕೊಳ್ಳುತ್ತದೆ. ನಮ್ಮ ಹಿರಿಯರು ಇದನ್ನು ಲೆಕ್ಕ ಬರೆದು ಮಾಡಿದ್ದಲ್ಲ, ನೋಡಿ ನೋಡಿ ಮಾಡಿದ್ದು.

ಸರ್ ಪ್ಲಾನ್ ನೋಡಿ ಪೆನ್ಸಿಲ್ಲಿನಿಂದ ತೊಟ್ಟಿಯ ಮೇಲೆ ಗೆರೆ ಎಳೆದರು. "ಇಲ್ಲಿ ಮಹಡಿಗೆ ಎರಡು ಕೋಣೆ ಬರ್ತವಲ್ಲ ಮೇಡಂ. ಮೂರು ಮಹಡಿಗೆ ಆರು ಕೋಣೆ." ಅವರು ಹೇಳಿದ್ದು ಸುಳ್ಳಲ್ಲ. ಬ್ಯಾಂಕ್ ಸಾಲ ತೀರಿಸಬೇಕಾದವರು ಅವರು. ಆಮೇಲಿನ ನಾಲ್ಕು ತಿಂಗಳು ಆ ಖಾಲಿ ಜಾಗವನ್ನು ಕೇಳದವರೇ ಇಲ್ಲ. ಬಿಲ್ಲಿಂಗ್ ಕೌಂಟರ್ ಅಲ್ಲಿಗೆ ಬರಲಿ ಅಂದರು. ಜನರೇಟರ್ ಇಡಬಹುದಲ್ವಾ ಅಂದರು. ಕ್ಯಾಂಟೀನ್ ಅಂದರು. ಪೇಟೆಯೊಳಗೆ ಆಸ್ಪತ್ರೆ ಕಟ್ಟುವಾಗ ಆರ್ಕಿಟೆಕ್ಟ್ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಇಷ್ಟೇ: ಗೋಡೆ ಬರೆಯುವುದನ್ನು ಯಾರಾದರೂ ಮಾಡುತ್ತಾರೆ, ಏನೂ ಕಟ್ಟದೆ ಬಿಟ್ಟ ಜಾಗದ ಪರವಾಗಿ ಮೀಟಿಂಗಿನಲ್ಲಿ ಮಾತಾಡುವವರು ಒಬ್ಬರಾದರೂ ಇರಬೇಕು.

ಡಾಕ್ಟರುಗಳಿಗೆ ಕವಿತೆ ಹೇಳಿದರೆ ಆಗುವುದಿಲ್ಲ, ಲೆಕ್ಕ ಬೇಕು. ಹಾಗಾಗಿ ಲೆಕ್ಕ ಹಿಡಿದುಕೊಂಡು ಹೋದೆ. ಕಿಟಕಿಯಿಂದ ಗಾಳಿ ಆಡುವ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ ಬರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಗಾಳಿಯಿಂದ ಹರಡುವ ಕಾಯಿಲೆಯ ಕೋಣೆಗೆ 160 ಲೀಟರ್. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಪೆರು ದೇಶದ ಲಿಮಾ ನಗರದ್ದು. ಅಲ್ಲಿ 8 ಆಸ್ಪತ್ರೆಗಳಲ್ಲಿ ಗಾಳಿ ಅಳೆದರು. 50 ವರ್ಷಕ್ಕಿಂತ ಹಳೆಯ, ಎತ್ತರದ ಛಾವಣಿ, ದೊಡ್ಡ ಕಿಟಕಿಯ ಕಟ್ಟಡಗಳಲ್ಲಿ ಕಿಟಕಿ ತೆರೆದಿಟ್ಟರೆ ಗಂಟೆಗೆ 40 ಸಲ ಗಾಳಿ ಬದಲಾಗುತ್ತಿತ್ತು. ಹೊಸ ಕಾಲದ ಕಟ್ಟಡಗಳಲ್ಲಿ ಕಿಟಕಿ ತೆರೆದರೂ 17 ಸಲ. ಯಂತ್ರದಿಂದ ಗಾಳಿ ಕೊಡುವ ಕೋಣೆಗಳಿಗೆ ಇಟ್ಟುಕೊಂಡ ಗುರಿ 12. ಕೋವಿಡ್ ಕಾಲದಲ್ಲಿ ವಾರ್ಡಿನಲ್ಲಿ ನಿಂತು ಕೆಲಸ ಮಾಡಿದವರು ಇವರಿಬ್ಬರೂ. ಮಕ್ಕಳ ಡಾಕ್ಟರ್ ಆ ಹಾಳೆಯನ್ನು ಎರಡು ಸಲ ಓದಿದರು. "ನಮ್ಮ ಒಪಿಡಿಯಲ್ಲಿ ಕೆಮ್ಮೋ ಮಕ್ಕಳ ಪಕ್ಕದಲ್ಲೇ ಲಸಿಕೆಗೆ ಬಂದ ಎಳೆಕೂಸು ಕೂತಿರ್ತಾವೆ" ಅಂದರು. ಆಮೇಲೆ ಗಂಡನ ಕಡೆ ನೋಡಿ, "ತೊಟ್ಟಿ ಇರಲಿ ಕಣ್ರೀ" ಅಂದರು. ಆ ದಿನ ನನಗೆ ಊಟ ರುಚಿಸಿತು.

ಆ ಮಾತಿನಿಂದಲೇ ಕೆಮ್ಮು, ಜ್ವರದವರಿಗೆ ರಸ್ತೆಯಿಂದಲೇ ಬೇರೆ ಬಾಗಿಲು, ಬೇರೆ ಕೂರುವ ಜಾಗ ಬಂತು. ನಮ್ಮ ಜಿಲ್ಲೆಗೆ ಜ್ವರ ಹೊಸದೇನಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಅದು ಉಣ್ಣಿಯಿಂದ ಬರುವಂಥದ್ದು, ಒಬ್ಬರಿಂದ ಒಬ್ಬರಿಗೆ ಗಾಳಿಯಲ್ಲಿ ಹರಡುವುದಿಲ್ಲ. ಆದರೆ ಜ್ವರ ಅಂತ ಬಂದವರಿಗೆ ಏನಾಗಿದೆ ಅಂತ ಬಾಗಿಲಲ್ಲೇ ಗೊತ್ತಾಗುವುದಿಲ್ಲವಲ್ಲ.

ಕಿಟಕಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆ ಕಟ್ಟುವವರಿಗೂ ಉಪಯೋಗಕ್ಕೆ ಬರುತ್ತದೆ. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು. ಎರಡರಲ್ಲಿ ಯಾವುದು ಚಿಕ್ಕದೋ ಅದೇ ಗಾಳಿಯ ಅಳತೆ. ಎದುರಿಗೆ ಆಳೆತ್ತರದ ಕಿಟಕಿ ಇಟ್ಟು, ಹಿಂದೆ ಒಂದು ಅಡಿಯ ಬೆಳಕಿಂಡಿ ಬಿಟ್ಟರೆ, ಬರುವ ಗಾಳಿ ಬೆಳಕಿಂಡಿಯಷ್ಟೇ. ಚಿಕ್ಕ ಕಿಟಕಿಯ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ, ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು ಗುಣಿಸಿ, ಅದನ್ನು 0.65ರಿಂದ, ಮತ್ತೆ 1,000ದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಅಂತ ಬರುತ್ತದೆ. 4 ಹಾಸಿಗೆಯ ವಾರ್ಡಿಗೆ 240 ಲೀಟರ್ ಬೇಕು. ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ಎರಡೂ ಕಡೆ ಸುಮಾರು 8 ಚದರ ಅಡಿ ತೆರೆದಿರಬೇಕು. ನಮ್ಮ ಕಡೆ ಸೊಳ್ಳೆ ಜಾಲರಿ ಇಲ್ಲದೆ ವಾರ್ಡ್ ನಡೆಸಲು ಆಗುವುದಿಲ್ಲ, ಜಾಲರಿ ಗಾಳಿಯನ್ನು ಸಾಕಷ್ಟು ತಡೆಯುತ್ತದೆ. ಹಾಗಾಗಿ ದುಪ್ಪಟ್ಟು, 16 ಚದರ ಅಡಿ ಇಟ್ಟೆ.

ವಾರ್ಡು, ಒಪಿಡಿ, ಜಗಲಿ ಇವಕ್ಕೆ ಎಸಿ ಇಲ್ಲ ಅಂತ ತೀರ್ಮಾನವಾಯಿತು. ಆಪರೇಷನ್ ಮಾಡುವ ಓಟಿ, ಐಸಿಯು, ಲ್ಯಾಬಿಗೆ ಮಾತ್ರ. ಓಟಿಯ ವಿಷಯದಲ್ಲಿ ರಾಜಿ ಇಲ್ಲ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಸಂಸ್ಥೆಯ ನಿಯಮದಂತೆ ಅಲ್ಲಿ ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ 4 ಸಲ ಹೊರಗಿನ ಹೊಸ ಗಾಳಿ. ಕರೆಂಟು ತಿನ್ನುವುದೇ ಅದು. ರಾತ್ರಿ ಆಪರೇಷನ್ ಇಲ್ಲದಾಗ ಯಂತ್ರವನ್ನು ಪೂರ್ತಿ ನಿಲ್ಲಿಸದೆ ನಿಧಾನಕ್ಕೆ ಓಡಿಸುವ ವ್ಯವಸ್ಥೆ ಮಾಡಿದೆವು. ಜಗತ್ತಿನ ಒಟ್ಟು ಇಂಗಾಲದ ಹೊಗೆಯಲ್ಲಿ 4.4% ಪಾಲು ಆರೋಗ್ಯ ಕ್ಷೇತ್ರದ್ದು ಅಂತ 2019ರ ಒಂದು ವರದಿ ಹೇಳುತ್ತದೆ. ಕಾಯಿಲೆ ವಾಸಿ ಮಾಡುವ ಜಾಗವೇ ಹೀಗಾದರೆ ಹೇಗೆ ಅಂತ ನನಗೆ ಅದು ಕೊರೆಯುತ್ತಲೇ ಇತ್ತು. ಅರಿವಳಿಕೆ ಡಾಕ್ಟರ್ ಒಬ್ಬರು ಒಳ್ಳೆ ಸಲಹೆ ಕೊಟ್ಟರು: ನೈಟ್ರಸ್ ಆಕ್ಸೈಡ್ ಪೈಪ್‌ಲೈನ್ ಹಾಕಲೇಬೇಡಿ, ಪೈಪಿನ ಜೋಡಣೆಗಳಲ್ಲಿ ಸೋರಿಹೋಗುವುದೇ ಜಾಸ್ತಿ, ಬೇಕಾದಾಗ ಮೆಷಿನ್ನಿಗೆ ಚಿಕ್ಕ ಸಿಲಿಂಡರ್ ಸಿಕ್ಕಿಸಿಕೊಳ್ಳುತ್ತೇವೆ ಅಂತ. ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಶಾಖ ಹಿಡಿಯುತ್ತದೆ. ಒಂದು ಗೆರೆ ಅಳಿಸಿದೆ, ಅಷ್ಟೇ. ದುಡ್ಡೂ ಉಳಿಯಿತು.

ಬೇಸ್‌ಮೆಂಟ್ ಬೇಕೋ ಬೇಡವೋ ಅನ್ನುವುದು ಒಂದೇ ಸಂಜೆಯಲ್ಲಿ ಮುಗಿಯಿತು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಊರಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ಎಲ್ಲರೂ ನೋಡಿದವರೇ. ಜನರೇಟರ್, ಕರೆಂಟ್ ಪ್ಯಾನಲ್, ಆಕ್ಸಿಜನ್, ಔಷಧಿ ದಾಸ್ತಾನು, ಯಾವುದೂ ನೆಲಮಟ್ಟಕ್ಕಿಂತ ಕೆಳಗೆ ಬೇಡ ಅಂದೆ, ಎಲ್ಲರೂ ಒಪ್ಪಿದರು. ನೀರಿನದು ಹೀಗೆ: 100 ಹಾಸಿಗೆಯೊಳಗಿನ ಆಸ್ಪತ್ರೆಗೆ ಹಾಸಿಗೆಗೆ ದಿನಕ್ಕೆ 340 ಲೀಟರ್ ಅಂತ ಲೆಕ್ಕ. 30 ಹಾಸಿಗೆಗೆ 10,200. ನಮ್ಮ ತಾರಸಿ ಸುಮಾರು 300 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಿದ್ದ ದಿನ ಹರಿದು ಹೋಗುವುದನ್ನು ಕಳೆದರೂ 12,000 ಲೀಟರ್ ಹಿಡಿಯಬಹುದು. ಒಂದು ದಿನದ ಖರ್ಚು ಆಕಾಶದಿಂದಲೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಮಳೆಗಾಲದಲ್ಲಿ ಬಟ್ಟೆ ಒಗೆಯಲು, ಶೌಚಕ್ಕೆ ಅದೇ ಸಾಕಾಗುತ್ತದೆ.

ಕಟ್ಟಡ ಏಳುವಾಗ ನನಗೆ ತುಂಬಾ ಹಿಡಿಸಿದ ಕೆಲಸ ಒಂದಿತ್ತು. ಪ್ರತಿ ಹಾಸಿಗೆ ಬರುವ ಜಾಗದಲ್ಲಿ ಸಿಮೆಂಟ್ ಚೀಲ ಪೇರಿಸಿ, ಹಾಸಿಗೆಯ ಎತ್ತರಕ್ಕೆ ಸರಿಮಾಡಿ, ಅದರ ಮೇಲೆ ಮಲಗಿ ನೋಡುತ್ತಿದ್ದೆ. ಫಿನ್ಲೆಂಡಿನ ಪೈಮಿಯೊದಲ್ಲಿ 1933ರಲ್ಲಿ ಮುಗಿದ ಕ್ಷಯದ ಆಸ್ಪತ್ರೆಯನ್ನು ಅಲ್ವಾರ್ ಆಲ್ಟೊ ಅನ್ನುವವರು ಮಲಗಿದವನ ಕಣ್ಣಿನಿಂದಲೇ ಯೋಚಿಸಿ ಕಟ್ಟಿದ್ದರು. ಛಾವಣಿಗೆ ಕಣ್ಣಿಗೆ ಹಿತವಾದ ಕಡು ಹಸಿರು ಬಣ್ಣ. ಪಕ್ಕದವನ ನಿದ್ದೆ ಕೆಡದಂತೆ ಸದ್ದಿಲ್ಲದೆ ನೀರು ಬೀಳುವ ಬೇಸಿನ್. ನಿಂತು ನೋಡಿದರೆ ಕಿಟಕಿಯಲ್ಲಿ ಹಲಸಿನ ಮರ ಚೆನ್ನಾಗಿ ಕಾಣುತ್ತಿತ್ತು. ಮಲಗಿದರೆ ಕಾಣುತ್ತಿದ್ದದ್ದು ಕಿಟಕಿಯ ಕೆಳಗಿನ ಗೋಡೆ. ಮೇಸ್ತ್ರಿಯನ್ನು ಕರೆದು ಒಂದು ಅಡಿ ಒಡೆಸಿದೆ. "ನಿನ್ನೆ ತಾನೇ ಕಟ್ಟಿದ್ದು ಮೇಡಂ" ಅಂತ ಅವರಿಗೆ ಬೇಜಾರಾಯಿತು. ಬನ್ನಿ, ನೀವೂ ಒಂದ್ಸಲ ಮಲಗಿ ನೋಡಿ ಅಂದೆ. ಮಲಗಿದರು. ಸ್ವಲ್ಪ ಹೊತ್ತು ಏಳಲೇ ಇಲ್ಲ. ಆಮೇಲೆ ಉಳಿದ ಕಿಟಕಿಗಳನ್ನು ಅವರೇ ಕೇಳದೆ ತಗ್ಗಿಸಿದರು.

ಮರ ಕಂಡರೆ ಏನಾಗುತ್ತದೆ ಅಂತ ಕೇಳುವವರಿಗೆ 1984ರ ಒಂದು ಅಧ್ಯಯನವಿದೆ. ರೋಜರ್ ಉಲ್ರಿಚ್ ಅನ್ನುವವರದು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದರು. 23 ಜನರ ಕಿಟಕಿಗೆ ಮರ, 23 ಜನರ ಕಿಟಕಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಜೋರಿನ ನೋವಿನ ಮದ್ದೂ ಅವರಿಗೆ ಕಡಿಮೆ ಬೇಕಾಯಿತು.

ಒಂದು ದಿನ ನಾನು ಸೈಟಿಗೆ ಹೋಗದಿದ್ದಾಗ ಎಸಿಯವರು ತೊಟ್ಟಿಯ ಗೋಡೆಗೆ ಎರಡು ಬ್ರಾಕೆಟ್ ಹೊಡೆದಿದ್ದರು, ಹೊರಗಿನ ಯಂತ್ರ ನೇತುಹಾಕಲು. ಅಮ್ಮನ ಕೋಣೆಯ ಕತ್ತಲ ಸಂದಿ ಕಣ್ಣ ಮುಂದೆ ಬಂತು. ಅಲ್ಲೇ ನಿಂತು ತೆಗೆಸಿದೆ. ಎಲ್ಲ ಯಂತ್ರವೂ ತಾರಸಿಗೆ ಹೋಯಿತು.

ಫೆಬ್ರವರಿಯಲ್ಲಿ ಆಸ್ಪತ್ರೆ ಶುರುವಾಯಿತು. ಬೇಸಿಗೆ ಚೆನ್ನಾಗಿ ಕಳೆಯಿತು. ಹಗಲು ದೀಪವಿಲ್ಲದೆ ವಾರ್ಡ್ ನಡೆಯುತ್ತಿತ್ತು. ಸರ್ ಬಂದವರಿಗೆಲ್ಲ ತೊಟ್ಟಿ ತೋರಿಸುತ್ತಿದ್ದರು. ನನಗೂ ಹೆಮ್ಮೆ.

ಆರಿದ್ರಾ ಮಳೆ ಹಿಡಿದ ಮೂರನೇ ದಿನ ಹೋದೆ. ಜಗಲಿಯಲ್ಲಿ ನೀರು, ಅದರ ಮೇಲೆ ಗೋಣಿಚೀಲ ಹಾಸಿದ್ದರು. ವಾರ್ಡಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ರೋಗಿಗಳ ಜೊತೆಗಿದ್ದವರು ಕಿಟಕಿ ಸರಳಿಗೇ ಪಂಚೆ, ಟವಲ್ಲು ಒಣಹಾಕಿದ್ದರು. "ತೆಗೆದ್ರೆ ಹಾಸಿಗೆಗೇ ಇರಚಲು ಹೊಡೀತದೆ ಮೇಡಂ, ಏನ್ ಮಾಡೋದು?" ಅಂದರು ಸಿಸ್ಟರ್. ಅವರು ಮಾಡಿದ್ದು ಸರಿ. ಗಾಳಿ ಎಷ್ಟು ಹಳಸಿದೆ ಅಂತ ತಿಳಿಯಲು ಇಟ್ಟುಕೊಂಡ ಕಾರ್ಬನ್ ಡೈಆಕ್ಸೈಡ್ ಮೀಟರ್ ಹೊರಗೆ 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು) ಸುತ್ತ ತೋರಿಸುತ್ತಿತ್ತು, ಒಳಗೆ 1,000 ದಾಟಿತ್ತು. 60 ಲೀಟರ್, 16 ಚದರ ಅಡಿ, ನನ್ನ ಎಲ್ಲ ಲೆಕ್ಕವೂ ತೆರೆದ ಕಿಟಕಿಯ ಲೆಕ್ಕ. ಮಲೆನಾಡಿನಲ್ಲಿ ಮಳೆಗಾಲ ನಾಲ್ಕು ತಿಂಗಳು. ಮಳೆ ನೇರ ಬೀಳುತ್ತದೆ ಅಂತ ಒಂದೂವರೆ ಅಡಿ ಸಜ್ಜಾ ಕೊಟ್ಟಿದ್ದೆ. ತೊಟ್ಟಿಯೊಳಗೆ ಗಾಳಿ ಸುತ್ತುತ್ತದೆ, ಮಳೆ ನಾಲ್ಕೂ ಗೋಡೆಗೆ ಹೊಡೆಯುತ್ತದೆ. ತೊಟ್ಟಿ ಮನೆಯಲ್ಲಿ ಸೂರು ಯಾಕೆ ಅಷ್ಟು ಮುಂದೆ, ಅಷ್ಟು ಕೆಳಗೆ ಬಂದಿರುತ್ತದೆ ಅಂತ ಆ ದಿನ ತಿಳಿಯಿತು. ಅಲ್ಲಿ ಒಂದು ಮಹಡಿ, ಇಲ್ಲಿ ನಾಲ್ಕು ಅಂತಸ್ತು. ಮೇಲಿನ ಸೂರು ಕೆಳಗಿನ ಕಿಟಕಿ ಕಾಯುವುದಿಲ್ಲ. ತಪ್ಪು ನನ್ನದೇ ಅಂತ ಸರ್‌ಗೆ ಹೇಳಿದೆ.

ತಾರಸಿಯವರೆಗೆ ಗಾಜಿನ ಶೀಟ್ ಹೊದಿಸಿಬಿಡಿ ಅಂತ ಸಲಹೆ ಬಂತು. ಹೊದಿಸಿದರೆ ಮಳೆಯೂ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ದಾರಿ ತೋರಿಸಿದ್ದು ಮೇಸ್ತ್ರಿ. ಅವರು ಕೋಣಂದೂರು ಕಡೆಯವರು. "ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಸೋಗೆ ತಟ್ಟಿ ಕಟ್ತೀವಲ್ಲ ಮೇಡಂ. ಗೋಡೆಗೆ ಅಂಟಿಸಿ ಕಟ್ಟಲ್ಲ. ಒಂದು ಮೊಳ ಬಿಟ್ಟು ಕಟ್ತೀವಿ. ಇರಚಲು ತಟ್ಟಿಗೆ, ಗಾಳಿ ಗೋಡೆಗೆ." ಕೇಳುತ್ತಿದ್ದಂತೆ ನೋಟ್‌ಬುಕ್ ತೆಗೆದೆ. ನಮ್ಮ ಮನೆಯಲ್ಲೂ ಪ್ರತಿ ವರ್ಷ ಕಟ್ಟುತ್ತಿದ್ದರು, ನಾನೇ ಚಿಕ್ಕವಳಿದ್ದಾಗ ದಬ್ಬೆ ಹಿಡಿದುಕೊಂಡು ನಿಂತವಳು. ಆಸ್ಪತ್ರೆಗೆ ಸೋಗೆ ಆಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಅಲ್ಯೂಮಿನಿಯಂ ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಪ್ರತಿ ಕಿಟಕಿಯ ಹೊರಗೆ ಒಂದೂವರೆ ಅಡಿ ದೂರದಲ್ಲಿ ನಿಲ್ಲಿಸಿದೆವು. ಪಟ್ಟಿಗಳ ನಡುವೆ ಬೆರಳು ಹಾಕಿ ಒರೆಸುವಷ್ಟು ಜಾಗ. ಕೆಳಭಾಗ ಖಾಲಿ, ಮಲಗಿದವರಿಗೆ ಅಂಗಳ ಕಾಣಬೇಕು. ಕಿಟಕಿಯ ಮೇಲೆ ಯಾರೂ ಮುಚ್ಚಲಾಗದ ಓರೆ ಪಟ್ಟಿಯ ಗಾಳಿಕಿಂಡಿ. ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ.

ಬಟ್ಟೆಯ ವಿಷಯ ಯಾವ ಪ್ಲಾನಿನಲ್ಲೂ ಇರಲಿಲ್ಲ. ರೋಗಿಯ ಜೊತೆಗೆ ಬಂದವರು ಎಲ್ಲಿ ಮಲಗುತ್ತಾರೆ, ಎಲ್ಲಿ ಸ್ನಾನ ಮಾಡುತ್ತಾರೆ, ಒದ್ದೆ ಬಟ್ಟೆ ಎಲ್ಲಿ ಹಾಕುತ್ತಾರೆ ಅಂತ ಯಾರೂ ಕೇಳಲಿಲ್ಲ. ಅಮ್ಮನ ಜೊತೆ 9 ರಾತ್ರಿ ಕಳೆದ ನಾನಾದರೂ ಕೇಳಬೇಕಿತ್ತು. ತಾರಸಿಯಲ್ಲಿ ಎಸಿ ಯಂತ್ರಗಳು ಬಿಸಿಗಾಳಿ ಬಿಡುವ ಕಡೆ ಶೀಟ್ ಹೊದಿಸಿ ಹಗ್ಗ ಕಟ್ಟಿಸಿದೆವು. ಮಳೆಗಾಲದಲ್ಲೂ ಸಂಜೆಯೊಳಗೆ ಪಂಚೆ ಒಣಗುತ್ತದೆ. ಹೊಸನಗರ ಕಡೆಯ ಅಜ್ಜಿಯೊಬ್ಬರು ಅಲ್ಲೇ ಒಂದು ಚಾಪೆ ಹಾಕಿಕೊಂಡು ಬೆಚ್ಚಗೆ ಕೂತಿರುತ್ತಿದ್ದರಂತೆ. ಅದನ್ನು ಕೇಳಿ ಅಲ್ಲಿಗೆ ಎರಡು ಬೆಂಚು ಹಾಕಿಸಿದೆ.

ಎರಡನೇ ಮಳೆಗಾಲ ಈಗ ನಡೆಯುತ್ತಿದೆ. ಪುನರ್ವಸುವಿನಲ್ಲಿ ಹೋದಾಗ ಹೊರಗೆ ಜಡಿಮಳೆ, ಕಿಟಕಿ ತೆರೆದಿತ್ತು, ಹಾಸಿಗೆ ಒಣಗಿತ್ತು. ಮೀಟರ್ 700ರೊಳಗೆ ಇತ್ತು. ಊದುಬತ್ತಿ ಹಚ್ಚಿದೆ, ಹೊಗೆ ಮೆಲ್ಲಗೆ ತೊಟ್ಟಿಯ ಕಡೆ ಹರಿಯಿತು. ಆದರೆ ಎರಡನೇ ಮಹಡಿಯ ಉತ್ತರದ ಮೂಲೆ ಕೋಣೆ ಇನ್ನೂ ಸರಿಹೋಗಿಲ್ಲ. ಅದಕ್ಕೆ ತೊಟ್ಟಿಯ ಗಾಳಿ ಸಿಗುವುದಿಲ್ಲ. ಬೀರುವಿನ ಹಿಂದೆ ಗೋಡೆಗೆ ಬೂಸ್ಟು ಬಂದಿದೆ. ಸದ್ಯಕ್ಕೆ ಅಲ್ಲಿ ರೋಗಿಗಳನ್ನು ಹಾಕಬೇಡಿ ಅಂದಿದ್ದೇನೆ. ಬೀರುವನ್ನು ಅರ್ಧ ಅಡಿ ಮುಂದಕ್ಕೆ ಎಳೆಸಿ, ಬಾಗಿಲ ಮೇಲೆ ಒಂದು ಕಿಂಡಿ ಕೊರೆಸಿ, ಒಂದು ಚಿಕ್ಕ ಫ್ಯಾನ್ ಕೂರಿಸಿದ್ದೇವೆ. ಮೀಟರ್ ಅಲ್ಲೇ ಬಿಟ್ಟು ಬಂದೆ. ಸಿಸ್ಟರ್ ದಿನಕ್ಕೆ ಮೂರು ಹೊತ್ತು ನೋಡಿ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ಮಘೆ ಮಳೆ ಕಳೆದ ಮೇಲೆ ಹೋಗಿ ಆ ಪುಸ್ತಕ ನೋಡಬೇಕು.